ಡೀಕನ್ ಎಂಬ ಹಾವುಮೀನಿನ ಸನ್ನಿಧಿಗೆ, ಹೆಬ್ಬೆರಳಿನ ವಿಚಾರವಾಗಿ

ಸೇಂಟ್ ಬೀಡ್ ದ್ವೀಪದ ದಕ್ಷಿಣಕ್ಕೆ, ನಲವತ್ತೈದು ಅಡಿ ನೀರಿನ ಕೆಳಗೆ, ಊರಿನವರೆಲ್ಲ ‘ಅಜ್ಜಿಯ ಒಲೆ’ ಎಂದು ಕರೆಯುವ ಹವಳಬಂಡೆಯ ಪೊಟರೆಯಲ್ಲಿ ಬಹುಕಾಲದಿಂದ ವಾಸವಾಗಿರುವ, ಆರೂವರೆ ಅಡಿ ಉದ್ದದ, ಹಸಿರು ಮೈಬಣ್ಣದ, ಡೀಕನ್ ಎಂಬ ಹೆಸರಿನ ಹಾವುಮೀನು ಅವರಿಗೆ ಸಾಷ್ಟಾಂಗವಾಗಿ (ನೀರಿನೊಳಗೆ ಬೇರೆ ಭಂಗಿ ನಮಗೆ ಬರುವುದಿಲ್ಲ) ಬರೆದುಕೊಂಡ ಅಹವಾಲು.

ಮಾನ್ಯರೇ,

ಈ ಪತ್ರ ತಲುಪುವ ಹೊತ್ತಿಗೆ ತಾವು ಊಟ ಮುಗಿಸಿ, ಬಾಯಿ ತೆರೆದಿಟ್ಟು, ಹಲ್ಲಿನ ಸಂದಿಗಳನ್ನು ಸಣ್ಣ ಸೀಗಡಿಗಳಿಂದ ಶುಚಿ ಮಾಡಿಸಿಕೊಳ್ಳುತ್ತ ಒರಗಿರುತ್ತೀರೆಂದು ನಂಬಿ, ಆ ಸುಖಕ್ಕೆ ಭಂಗ ತರುತ್ತಿರುವುದಕ್ಕಾಗಿ ಮೊದಲಿಗೇ ಕ್ಷಮೆ ಬೇಡುತ್ತೇನೆ. ತಮ್ಮ ಕಿವಿರುಗಳು ಕ್ಷೇಮವೆಂದು ಭಾವಿಸಿದ್ದೇನೆ. ಹಲ್ಲುಗಳ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣಲಿಲ್ಲ; ಅವು ಬಹಳ ಚೆನ್ನಾಗಿವೆ ಎಂಬುದಕ್ಕೆ ನಮ್ಮ ಚಿಕಿತ್ಸಾಲಯದ ಪುಸ್ತಕದಲ್ಲಿ ಹನ್ನೊಂದು ಹೊಲಿಗೆಗಳ ಪ್ರಮಾಣವಿದೆ.

ನಾನು ಜೆಲ್ಮಾ ಒಟ್ಲಿ. ಪರವೂರಿನಿಂದ ಬಂದ ಅತಿಥಿಗಳ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಬಾಯಿಗೆ ಕೊಳವೆ ಕೊಟ್ಟು, ಸಮುದ್ರದೊಳಗೆ ಕರೆದುಕೊಂಡು ಹೋಗಿ, ಹವಳ, ಆಮೆ, ತೊರಕೆ ಮೀನುಗಳನ್ನು ತೋರಿಸಿ, ತಲೆ ಎಣಿಸಿ ಮೇಲಕ್ಕೆ ತರುವುದು ಇಪ್ಪತ್ತಾರು ವರ್ಷದಿಂದ ನನ್ನ ಕಸುಬು. ತಮಗೆ ನನ್ನ ಪರಿಚಯವಿದೆ ಎಂದು ನಾನು ಬಹಳ ಕಾಲ ನಂಬಿದ್ದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ಬಂದರುಕಟ್ಟೆಯ ಸೂಚನಾಫಲಕದಲ್ಲಿ, ದೊಡ್ಡ ದೋಣಿಯ ವೇಳಾಪಟ್ಟಿಗೂ ಕಳೆದುಹೋದ ಆಡೊಂದರ ಚಿತ್ರಕ್ಕೂ ನಡುವೆ ಅಂಟಿಸಲಾಗಿದೆ. ತಮ್ಮ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀಸದ ಗುಂಡು ಕಟ್ಟಿ, ನನ್ನ ದೋಣಿಗಾರ ಫಿಟ್ಜ್‌ರಾಯ್ ದಾರದಲ್ಲಿ ಇಳಿಸುತ್ತಾನೆ. ಓದಿದ ಮೇಲೆ ಪ್ಲಾಸ್ಟಿಕ್ಕನ್ನು ಅಲ್ಲೇ ಎಸೆಯಬಾರದಾಗಿ ವಿನಂತಿ, ಅದಕ್ಕೆ ದಂಡವಿದೆ.

ಇನ್ನು ದೂರು. ಮೂರು ವಾರದ ಹಿಂದಿನ ಶನಿವಾರ ಬೆಳಿಗ್ಗೆ ಆರು ಮಂದಿ ಅತಿಥಿಗಳ ಜೊತೆ ನಾನು ತಮ್ಮ ಬೀದಿಗೆ ಬಂದಿದ್ದೆ. ತಮ್ಮ ಮನೆಯಿಂದ ನಾಲ್ಕು ಮಾರು ಆಚೆ ಒಂದು ಆಮೆ ಕೂತು ಬಂಡೆಯ ಮೇಲಿನ ಸ್ಪಂಜನ್ನು ಕಿತ್ತು ತಿನ್ನುತ್ತಿತ್ತು. ನೀರಿನೊಳಗೆ ಮಾತು ಹೊರಡುವುದಿಲ್ಲವಾದ್ದರಿಂದ, ನಮ್ಮ ಕಸುಬಿನವರೆಲ್ಲ ಮಾಡುವಂತೆ, ‘ಇತ್ತ ನೋಡಿ’ ಎಂದು ತಿಳಿಸಲು ಚಾಕುವಿನ ಹಿಡಿಯಿಂದ ಸಿಲಿಂಡರಿಗೆ ಟಣ್ ಟಣ್ ಟಣ್ ಎಂದು ಮೂರು ಸಲ ಬಡಿದೆ. ಐವರು ಆಮೆಯ ಕಡೆ ತಿರುಗಿದರು. ಆರನೆಯವರಾದ ಡಾಕ್ಟರ್ ಲಿಂಡ್‌ಕ್ವಿಸ್ಟ್, ಯಾವುದೋ ಚಳಿದೇಶದ ಹಲ್ಲಿನ ವೈದ್ಯರು, ಆನಂದ ತಡೆಯಲಾರದೆ ನನ್ನ ಕಡೆ ಹೆಬ್ಬೆರಳು ಎತ್ತಿ ತೋರಿಸಿದರು. ಅವರ ಊರಿನಲ್ಲಿ ಹಾಗೆಂದರೆ ‘ಬಹಳ ಚೆನ್ನಾಗಿದೆ’ ಎಂದು. ನೀರಿನೊಳಗೆ ಹಾಗೆಂದರೆ ‘ಸಾಕು, ಮೇಲಕ್ಕೆ ಹೋಗೋಣ’ ಎಂದು. ತಮ್ಮ ಪಂಕ್ತಿಯಲ್ಲಿ ಹಾಗೆಂದರೆ ‘ಬಡಿಸಿ ಆಗಿದೆ’ ಎಂದು ನನಗೆ ಆಮೇಲೆ ತಿಳಿಯಿತು.

ಮಾನ್ಯರೇ, ತಾವು ಬಂದ ವೇಗವನ್ನು ನಾನು ಮೆಚ್ಚಿದ್ದೇನೆ. ಇಪ್ಪತ್ತಾರು ವರ್ಷದಲ್ಲಿ ಈ ದ್ವೀಪದಲ್ಲಿ ಕರೆದ ಕೂಡಲೇ ಬಂದವರೆಂದರೆ ತಾವೊಬ್ಬರೇ. ಅಂಚೆಯವನು ಬರುವುದಿಲ್ಲ, ಮೋಟಾರು ರಿಪೇರಿಯವನು ಬರುವುದಿಲ್ಲ, ನೀರಿನ ಲಾರಿಯಂತೂ ಮಳೆ ಬಂದ ಮರುದಿನವೇ ಬರುವುದು. ತಾವಾದರೋ ಮೂರನೆಯ ಟಣ್ ಮುಗಿಯುವ ಮೊದಲೇ ಬಾಗಿಲು ದಾಟಿ, ನನ್ನ ಭುಜದ ಮೇಲಿಂದ ಹಾದು, ಆಮೆಯತ್ತ ಕಣ್ಣೂ ಹಾಯಿಸದೆ, ವೈದ್ಯರ ಬಲಗೈಯ ಹೆಬ್ಬೆರಳನ್ನು ಬುಡದವರೆಗೂ ಸ್ವೀಕರಿಸಿದಿರಿ. ರುಚಿ ಹಿಡಿಸಲಿಲ್ಲವೆಂದು ಬಿಟ್ಟುಕೊಟ್ಟಿರಿ, ನಿಜ. ಆದರೆ ತಮ್ಮ ಹಲ್ಲುಗಳು ಒಳಮುಖವಾಗಿ ಬಾಗಿರುವುದರಿಂದ, ಒಳಗೆ ಹೋಗುವುದು ಸುಲಭ, ಹೊರಗೆ ಬರುವಾಗ ಬಹಳಷ್ಟನ್ನು ಅಲ್ಲಿಯೇ ಬಿಟ್ಟು ಬರಬೇಕಾಗುತ್ತದೆ.

ದೋಣಿಗೆ ಎಳೆದುಕೊಂಡಾಗ ವೈದ್ಯರ ಮುಖ ಸುಣ್ಣ ಬಳಿದಂತಾಗಿತ್ತು. ಫಿಟ್ಜ್‌ರಾಯ್ ತನ್ನ ಅಂಗಿ ಬಿಚ್ಚಿ ಕೈಗೆ ಸುತ್ತುತ್ತ, “ಮಿಸ್ ಜೆಲ್ಮಾ, ಅರವತ್ತು ಬೆರಳು ಲೆಕ್ಕ ಹಾಕಿ ಕೆಳಗೆ ಕಳ್ಸಿದ್ದೆ. ಈಗ ಎಣಿಸ್ಲೋ ಬೇಡ್ವೋ?” ಎಂದ. ಅವನಿಗೆ ಗಾಬರಿಯಾದಾಗ ಬಾಯಿಂದ ಹೀಗೆಯೇ ಏನಾದರೂ ಬರುತ್ತದೆ, ಅವನ ತಾಯಿಯ ಶವಸಂಸ್ಕಾರದಲ್ಲೂ ಬಂದಿತ್ತು. ವೈದ್ಯರು ಮಾತ್ರ, “ಗಂಟಲಲ್ಲೂ ಇನ್ನೊಂದು ದವಡೆ ಇರತ್ತಂತೆ ಇವಕ್ಕೆ, ಹೌದಾ?” ಎಂದು ನನ್ನನ್ನು ಕೇಳಿದರು. ಹೌದೆಂದೆ. “ಎಂಥ ಪುಣ್ಯವಂತ ಪ್ರಾಣಿ” ಎಂದವರೇ ದೋಣಿಯ ಅಂಚಿಗೆ ಬಗ್ಗಿ ವಾಂತಿ ಮಾಡಿಕೊಂಡರು.

ಸಂಜೆ ಚಿಕಿತ್ಸಾಲಯದ ಮಂಚದ ಮೇಲೆ ಕೂತು ಅವರೇ ನನ್ನನ್ನು ಸಮಾಧಾನ ಮಾಡಿದರು. “ತಪ್ಪು ನಂದೇ ಕಣಮ್ಮಾ. ಹೆಬ್ಬೆರಳು ಎತ್ತಬೇಡಿ, ಎರಡು ಬೆರಳು ಸುತ್ತಿ ಸೊನ್ನೆ ಮಾಡಿ ತೋರ್ಸಿ ಅಂತ ಬೆಳಿಗ್ಗೆ ಎಷ್ಟು ಸಲ ಹೇಳಿಕೊಟ್ರಿ ನೀವು! ಸಂತೋಷದಲ್ಲಿ ಮರೆತೇಹೋಯ್ತು” ಎಂದರು. ಆ ಕೈಯಲ್ಲಿ ಇನ್ನು ಆರು ತಿಂಗಳು ಹಲ್ಲು ಕೊರೆಯುವ ಯಂತ್ರ ಹಿಡಿಯುವಂತಿಲ್ಲ ಎಂದು ಅಷ್ಟು ಹೊತ್ತಿಗೆ ಅವರಿಗೆ ತಿಳಿಸಿಯಾಗಿತ್ತು. ಈ ಸಮುದ್ರವನ್ನು ಕಾಯುವ ಸಾಗರವನ ಸಮಿತಿಗೆ ನಾನು ಬರೆದುಕೊಟ್ಟ ವರದಿಯಲ್ಲಿ ‘ಅತಿಥಿಗಳು ತಪ್ಪು ಸನ್ನೆ ಮಾಡಿದ್ದರಿಂದ’ ಎಂದು ಶುರುಮಾಡಿ, ಅಲ್ಲಿಗೇ ಪೂರ್ಣವಿರಾಮ ಹಾಕಿದೆ.

ಇಷ್ಟು ದೂರನ್ನು ಒಪ್ಪಿಸಿದ ಮೇಲೆ, ತಮ್ಮಂಥ ಸಂಭಾವಿತರು, ಸೂರ್ಯ ಮುಳುಗುವವರೆಗೆ ಮನೆ ಬಿಟ್ಟು ಕದಲದವರು, ಹಗಲುಹೊತ್ತಿನಲ್ಲಿ ಜನರ ಮಧ್ಯೆ ಹೀಗೆ ಓಡಾಡುವ ಚಾಳಿಯನ್ನು ಎಲ್ಲಿ ಕಲಿತಿರಿ ಎಂಬ ಪ್ರಶ್ನೆಗೆ ಬರಬೇಕಾಗುತ್ತದೆ. ಅದಕ್ಕೆ ಸಿಂಹಮೀನುಗಳ ಕತೆ ಹೇಳದೆ ಗತ್ಯಂತರವಿಲ್ಲ.

ಮೈತುಂಬ ಪಟ್ಟೆ, ಬೆನ್ನತುಂಬ ವಿಷದ ಮುಳ್ಳು ಹೊತ್ತ ಆ ಸಿಂಹಮೀನುಗಳು ನಮ್ಮ ಸಮುದ್ರದವಲ್ಲ. ಎಲ್ಲಿಂದಲೋ ಬಂದು ಸೇರಿ, ಹವಳದಿಬ್ಬದ ಮರಿಮೀನುಗಳನ್ನೆಲ್ಲ ನುಂಗತೊಡಗಿದವು. ಅವನ್ನು ತಿನ್ನುವ ಪ್ರಾಣಿ ಇಲ್ಲಿ ಯಾವುದೂ ಇರಲಿಲ್ಲ. ಎಂಟು ವರ್ಷದ ಹಿಂದೆ ಸಮಿತಿಯವರು ನಮಗೆ ತಲಾ ಒಂದು ಗಿಡ್ಡ ಈಟಿ ಕೊಟ್ಟು, ‘ಕಂಡಲ್ಲಿ ಚುಚ್ಚಿ, ಮೇಲಕ್ಕೆ ತಂದು ಸಾರು ಮಾಡಿ ತಿನ್ನಿ, ಆದರೆ ನೀರಿನೊಳಗೆ ಯಾವ ಜೀವಿಗೂ ತಿನ್ನಿಸಕೂಡದು’ ಎಂದು ಕಟ್ಟಪ್ಪಣೆ ಮಾಡಿದರು. ಕಾರಣವನ್ನೂ ಹೇಳಿದರು, ಅದನ್ನು ಹೇಳುವ ಹೊತ್ತಿಗೆ ನಾವೆಲ್ಲ ಈಟಿಯ ಮೊನೆ ನೋಡುತ್ತಿದ್ದೆವು.

ಆಗ ಯಾರೋ ಒಬ್ಬರಿಗೆ, ಹೆಸರು ಬೇಡ, ಒಂದು ಯೋಚನೆ ಹೊಳೆಯಿತು. ಇಲ್ಲಿನ ದೊಡ್ಡವರಿಗೆ ಸಿಂಹಮೀನಿನ ರುಚಿ ಹತ್ತಿಸಿದರೆ ಆಮೇಲೆ ಅವರೇ ಹಿಡಿದು ತಿಂದಾರು, ನಮಗೂ ಕೆಲಸ ತಪ್ಪೀತು ಎಂಬುದೇ ಆ ಯೋಚನೆ. ಯಾರೋ ಒಬ್ಬರು ಕತ್ತರಿಯಿಂದ ಮುಳ್ಳು ಕತ್ತರಿಸಿ, ಈಟಿಯ ತುದಿಯಲ್ಲಿಟ್ಟು, ತಮ್ಮ ಬಾಗಿಲಿಗೆ ಹಿಡಿದರು. ತಾವು ಎರಡು ದಿನ ಮೂಸಿ ಬಿಟ್ಟಿರಿ, ಮೂರನೆಯ ದಿನ ತಿಂದಿರಿ. ತಾವು ಮನೆಯ ಹಿಂಬದಿಯಲ್ಲಿ ಮಲಗಿದ್ದರೆ ಎಬ್ಬಿಸಬೇಕಲ್ಲ, ಅದಕ್ಕೆ ಯಾರೋ ಒಬ್ಬರು ಸಿಲಿಂಡರಿಗೆ ಮೂರು ಸಲ ಬಡಿದರು. ಅತಿಥಿಗಳು ಚಿತ್ರ ತೆಗೆಯುವಾಗ ಈಟಿ ಅಡ್ಡ ಬರುತ್ತದೆ ಎಂದರು, ಅದಕ್ಕೆ ಯಾರೋ ಒಬ್ಬರು ಈಟಿ ಬಿಟ್ಟು ಕೈಯಲ್ಲೇ ಹಿಡಿದರು. ಒಂದೊಂದು ಹೆಜ್ಜೆಯೂ ಸಣ್ಣದೇ.

ತಾವು ಕಲಿತದ್ದಾದರೂ ಏನು? ಬದುಕಿರುವ ಸಿಂಹಮೀನು ತಮ್ಮ ಮನೆಯ ಮಾಳಿಗೆಯಲ್ಲೇ ಸಂಸಾರ ಹೂಡಿದ್ದರೂ ತಾವು ಈವರೆಗೆ ಒಂದನ್ನೂ ಮುಟ್ಟಿಲ್ಲ. ಟಣ್ ಟಣ್ ಎಂದಾಗ ಮನುಷ್ಯರ ಕೈಯಲ್ಲಿ ಊಟ ಬರುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿ ಕಲಿತಿರಿ. ಈ ಜಾಣತನ ನಮ್ಮ ಊರಿನ ಅನೇಕ ಗಣ್ಯರಲ್ಲೂ ಇರುವುದರಿಂದ ಇದನ್ನು ನಾನು ತಮ್ಮ ದೋಷವೆಂದು ಎಣಿಸುವುದಿಲ್ಲ.

ತಮ್ಮ ಕೀರ್ತಿ ಹಬ್ಬಿದ್ದೂ ನಿಜ. ಅತಿಥಿಗಳು ದೊಡ್ಡ ದೋಣಿಯಿಂದ ಇಳಿಯುತ್ತಲೇ ತಮ್ಮ ಹೆಸರು ಹಿಡಿದು ಕೇಳುವಂತಾಯಿತು. ಫಿಟ್ಜ್‌ರಾಯ್ ನಮ್ಮ ದೋಣಿಯ ಮೂತಿಗೆ ತಮ್ಮ ಚಿತ್ರ ಬರೆದ; ಹಲ್ಲು ಬಂದ ಬಾಳೆಕಾಯಿಯ ಹಾಗೆ ಕಾಣುತ್ತದೆ, ಆದರೂ ಶ್ರದ್ಧೆಯಿಂದ ಬರೆದದ್ದು. ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಬಿಟ್ಟುಕೊಂಡೇ ಬಾಯಿ ತೆರೆದು ಮುಚ್ಚುವ ನಮ್ಮ ಚರ್ಚಿನ ಪಾದ್ರಿಗೆ ಸಹಾಯಕರಾದ ಡೀಕನ್ ಸಿಲ್ವೆಸ್ಟರ್ ಅವರ ನೆನಪಾಗಿ ತಮಗೆ ಈ ಹೆಸರಿಟ್ಟದ್ದು. ಅವರು ಆರು ವರ್ಷ ಅದನ್ನು ಸಹಿಸಿಕೊಂಡಿದ್ದರು. ಆದರೆ ಮೊನ್ನೆ ರೇಡಿಯೋದಲ್ಲಿ ಮೀನೆಂದು ಹೇಳುವುದನ್ನು ಮರೆತು, ‘ಸೇಂಟ್ ಬೀಡಿನ ಡೀಕನ್ ಪ್ರವಾಸಿಯ ಬೆರಳು ಕಚ್ಚಿದ್ದಾರೆ’ ಎಂದು ಓದಿದ ಮೇಲೆ, ಪಕ್ಕದ ದ್ವೀಪದಿಂದ ಅವರ ಅಕ್ಕ ಫೋನು ಮಾಡಿ, “ನಿಂಗೆ ಆ ರಮ್ ಬಿಡು ಬಿಡು ಅಂತ ಎಷ್ಟು ಬಡ್ಕೊಂಡೆ ಕಣೋ!” ಎಂದು ಅತ್ತರಂತೆ. ಅವರ ಪರವಾಗಿಯೂ ಒಂದು ಸಾಲು ಇಲ್ಲಿ ಸೇರಿಸಬೇಕೆಂದು ಕೇಳಿಕೊಂಡಿದ್ದಾರೆ, ಸೇರಿಸಿದ್ದೇನೆ.

ಈಗ ಮುಖ್ಯ ವಿಚಾರ. ಕಳೆದ ಗುರುವಾರ ಶಾಲೆಯ ಕೋಣೆಯಲ್ಲಿ ಸಾಗರವನ ಸಮಿತಿಯ ಸಭೆ ನಡೆಯಿತು. ದ್ವೀಪದಲ್ಲಿ ಕಸುಬು ಮಾಡುವ ಹದಿನಾಲ್ಕು ಮಾರ್ಗದರ್ಶಿಗಳೂ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದೆವು. ಅಧ್ಯಕ್ಷರಾದ ಶ್ರೀ ಆಸ್ಬರ್ಟ್ ರೋಮ್ನಿಯವರು ನಿಯಮ ಓದಿ ಹೇಳಿದರು. ಪ್ರಾಣಿಯೊಂದಕ್ಕೆ ಯಾರಾದರೂ ತಿನ್ನಿಸಿ ತಿನ್ನಿಸಿ ಅದು ಹೀಗಾಗಿದ್ದರೆ, ತಿನ್ನಿಸಿದವರ ಕಸುಬಿನ ಪರವಾನಗಿಯ ಬಿಲ್ಲೆ ಕಿತ್ತುಕೊಂಡು, ಆ ಜಾಗವನ್ನು ಒಂದು ವರ್ಷ ಮುಚ್ಚಿ, ಪ್ರಾಣಿಗೆ ಅಭ್ಯಾಸ ಮರೆಯಲು ಬಿಡಬೇಕು. ತಿನ್ನಿಸಿದವರು ಯಾರೂ ಇಲ್ಲವಾದರೆ, ಪ್ರಾಣಿ ಹುಟ್ಟಾ ದುಷ್ಟವೆಂದು ಬರೆದು, ಅದನ್ನು ಈಟಿಯಿಂದ ಕೊಂದು ತೆಗೆಯಬೇಕು.

“ಯಾರು ತಿನ್ನಿಸಿದ್ದು? ಎದ್ದು ನಿಂತು ಹೇಳಿ” ಎಂದರು ಅಧ್ಯಕ್ಷರು. ಹದಿನಾಲ್ಕು ಮಂದಿಯೂ ಬೆಂಚಿನ ಮೇಲೆ ಮಕ್ಕಳು ಕೆತ್ತಿದ್ದ ಹೆಸರುಗಳನ್ನು ಓದತೊಡಗಿದೆವು. ಫಿಟ್ಜ್‌ರಾಯ್ ಕಿಟಕಿಯಾಚೆಯಿಂದ ಇಣುಕಿ, “ಸಾರ್, ಅದಕ್ಕೆ ದೇವರೇ ತಿನ್ನಿಸಿರ್ಬೇಕು” ಎಂದ. “ಹಾಗಾದ್ರೆ ದೇವರ ಬಿಲ್ಲೆ ತಗೊಂಬಾ” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನನ್ನ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡೆ. ಒಂದು ವಾರದ ಗಡುವು ಕೊಟ್ಟರು. ಅದು ನಾಳೆ ಗುರುವಾರ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ ಈಟಿ.

ಆದಕಾರಣ ಕೆಲವು ವಿನಂತಿಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ನಾಳೆಯ ಸಭೆಗೆ ತಾವೇ ಖುದ್ದಾಗಿ ಹಾಜರಾಗಿ, ತಮ್ಮ ಹುಟ್ಟುಗುಣ ಸಾಧುವೆಂದು ಎರಡು ಮಾತು ಹೇಳಿದರೆ ಉಪಕಾರವಾದೀತು. ಬೆಂಚುಗಳು ಉದ್ದವಾಗಿವೆ, ತಾವು ಹಿಡಿಸುತ್ತೀರಿ. ಬರಲು ಅನನುಕೂಲವಿದ್ದರೆ ದಿನಾ ತಮ್ಮ ಬಾಯೊಳಗೆ ಹೋಗಿ ಜೀವಂತ ಹೊರಬರುವ ಆ ಸೀಗಡಿಗಳಲ್ಲಿ ಒಂದನ್ನು ಸಾಕ್ಷಿಯಾಗಿ ಕಳಿಸಬಹುದು, ತಮ್ಮ ನಡತೆಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ. ಅದೂ ಆಗದಿದ್ದರೆ ಶುಕ್ರವಾರ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಸಂಸಾರಸಮೇತ ಸಾಗರವನದ ಗಡಿ ಗುರುತಿಗೆ ತೇಲಬಿಟ್ಟ ಬುರುಡೆಗಳ ಆಚೆ ಹೋಗಿ ಇದ್ದುಬಿಡಿ. ಗಡಿ ಯಾವುದೆಂದು ತಿಳಿಯಲು ಬುರುಡೆಗಳ ಮೇಲೆ ಹಳದಿ ಬಣ್ಣ ಬಳಿದಿದೆ. ತಮಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲವೆಂದು ಗೊತ್ತು, ವಾಸನೆ ಹಿಡಿದು ಹೋಗಿ. ಈಟಿ ಹಿಡಿದು ಬಂದವರು ಟಣ್ ಟಣ್ ಟಣ್ ಎಂದು ಬಡಿದರೆ ದಯವಿಟ್ಟು, ದಯವಿಟ್ಟು, ಹೊರಗೆ ಬರಬೇಡಿ. ಅವರು ಬಡಿಯುತ್ತಾರೆ. ತಾವು ಬರುತ್ತೀರಿ.

ಈ ವಿನಂತಿಗಳಲ್ಲಿ ಒಂದೂ ನೆರವೇರುವುದಿಲ್ಲ ಎಂಬುದು ನನಗೆ ಬರೆಯುವಾಗಲೇ ಗೊತ್ತಿತ್ತು. ನೆರವೇರಬಹುದಾದ ಕೆಲಸ ಒಂದೇ, ಅದು ತಮ್ಮದಲ್ಲ. ‘ಯಾರೋ ಒಬ್ಬರು’ ಎಂದು ಮೇಲೆ ನಾಲ್ಕು ಕಡೆ ಬರೆದಂತಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ಆ ಕಡೆಗಳಲ್ಲೆಲ್ಲ ಓದುಗರು ಜೆಲ್ಮಾ ಒಟ್ಲಿ ಎಂದು ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ಹೆಬ್ಬೆರಳೆಂದರೆ ತಮಗೆ ಊಟವೆಂದು ನನಗೆ ‘ಆಮೇಲೆ ತಿಳಿಯಿತು’ ಎಂದು ಬರೆದದ್ದೂ ಸುಳ್ಳು. ಎರಡು ವರ್ಷ ಮೊದಲೇ ತಿಳಿದಿತ್ತು.

ನನ್ನ ಎಡಗೈ ಹೆಬ್ಬೆರಳಿನ ತುದಿ ಇಲ್ಲ. ಲಂಗರಿನ ಹಗ್ಗಕ್ಕೆ ಸಿಕ್ಕಿ ಹೋಯಿತೆಂದು ಊರಿಗೆಲ್ಲ ಹೇಳಿದ್ದೇನೆ. ಅಂದು ಒಂದೂ ಸಿಂಹಮೀನು ಸಿಕ್ಕಿರಲಿಲ್ಲ. ಅತಿಥಿಗಳೂ ಇರಲಿಲ್ಲ, ಸುಮ್ಮನೆ ತಮ್ಮನ್ನು ನೋಡಿ ಹೋಗೋಣವೆಂದು ಬಂದಿದ್ದೆ. ಬಡಿದೆ, ತಾವು ಬಂದಿರಿ, ‘ಇವತ್ತು ಏನೂ ಇಲ್ಲ’ ಎಂದು ಅಂಗೈ ಬಿಚ್ಚಿ ತೋರಿಸಿದೆ. ಚಿಕಿತ್ಸಾಲಯದ ನರ್ಸ್ ಐರಿಸ್ ಗಾಯವನ್ನು ತಿರುಗಿಸಿ ತಿರುಗಿಸಿ ನೋಡಿ, “ಮೂವತ್ತು ವರ್ಷದಿಂದ ಈ ಊರಿನ ಗಾಯ ಕಟ್ತಿದ್ದೀನಿ ಮಿಸ್ ಜೆಲ್ಮಾ. ಹಗ್ಗಕ್ಕೆ ಹಲ್ಲು ಬಂದಿದ್ದು ಇವತ್ತೇ ನೋಡಿದ್ದು” ಎಂದರು. ಹೊಸ ಹಗ್ಗ ಎಂದೆ. “ಓ, ಹಾಗಾದ್ರೆ ಹಾಲುಹಲ್ಲಿರ್ಬೇಕು” ಎಂದು ಹೇಳಿ, ಪುಸ್ತಕದಲ್ಲಿ ಹಗ್ಗವೆಂದೇ ಬರೆದುಕೊಂಡರು.

ಆಮೇಲಾದರೂ ತಿನ್ನಿಸುವುದನ್ನು ಬಿಟ್ಟೆನೇ ಎಂದರೆ, ಬಿಡಲಿಲ್ಲ. ಈಟಿಯ ಹಿಡಿಯನ್ನು ಒಂದು ಅಡಿ ಉದ್ದ ಮಾಡಿಸಿಕೊಂಡೆ. ತಮ್ಮನ್ನು ನೋಡಲೆಂದೇ ಅತಿಥಿಗಳು ಹೊರಟು ಬಂದಿರುತ್ತಿದ್ದರು. ಅದೂ ನೆಪ. ನಿಜ ಹೇಳಬೇಕೆಂದರೆ, ಈ ದ್ವೀಪದ ಸುತ್ತಲಿನ ಅಷ್ಟು ದೊಡ್ಡ ಸಮುದ್ರದಲ್ಲಿ ಒಂದು ಜೀವ ನಾನು ಬಂದರೆ ಎದ್ದು ಬರುತ್ತದೆ ಎಂಬುದು ನನಗೆ ಬಹಳ ಇಷ್ಟವಾಗಿತ್ತು. ಉಳಿದ ಹದಿಮೂರು ಮಾರ್ಗದರ್ಶಿಗಳಿಗೆ ಆ ಭಾಗ್ಯವಿಲ್ಲ ಎಂದು ಹಮ್ಮೂ ಇತ್ತು. ತುದಿ ಹೋದ ದಿನ ನೋವಿಗಿಂತ ಹೆಚ್ಚಾಗಿ ನನಗೆ ಆದದ್ದು ಅವಮಾನ. ಆರು ವರ್ಷ ಕೈತುತ್ತು ಕೊಟ್ಟವಳನ್ನು ತಾವು ಗುರುತಿಸಲೇ ಇಲ್ಲ. ಮಾನ್ಯರೇ, ವೈದ್ಯರ ಬೆರಳಿನ ದೂರು ನೆಪಕ್ಕೆ. ನನ್ನ ಸ್ವಂತ ದೂರು ಇದೇ. ಇದಕ್ಕೆ ತಾವು ಉತ್ತರ ಕೊಡಬೇಕಾಗಿಲ್ಲ, ಉತ್ತರ ನನಗೆ ಗೊತ್ತಿದೆ. ತಾವು ಯಾವತ್ತೂ ನನ್ನನ್ನು ನೋಡಲು ಬಂದವರಲ್ಲ.

ಅಂದು ನಾನು ಹಗ್ಗದ ಬದಲು ಹಲ್ಲೆಂದು ಹೇಳಿದ್ದರೆ ಆ ಜಾಗ ಆಗಲೇ ಮುಚ್ಚುತ್ತಿತ್ತು, ತಾವು ಇಷ್ಟು ಹೊತ್ತಿಗೆ ನನ್ನನ್ನೂ ಟಣ್ ಟಣ್ಣನ್ನೂ ಮರೆತು ಮರ್ಯಾದಸ್ಥರಾಗಿ ಇರುಳಿನಲ್ಲಿ ಬೇಟೆಯಾಡಿಕೊಂಡಿರುತ್ತಿದ್ದಿರಿ, ಮತ್ತು ಡಾಕ್ಟರ್ ಲಿಂಡ್‌ಕ್ವಿಸ್ಟ್ ತಮ್ಮ ಊರಿನಲ್ಲಿ ಯಾರದೋ ದವಡೆಹಲ್ಲು ಕೀಳುತ್ತಿದ್ದರು. ಅವರಿಗೆ ಬೇರೆ ಕಾಗದ ಬರೆದಿದ್ದೇನೆ. ಅದರಲ್ಲಿ ತಮಾಷೆ ಇಲ್ಲ. ಒಳ್ಳೆಯ ಮನುಷ್ಯನೊಬ್ಬ ತಪ್ಪು ತನ್ನದೆಂದು ನನ್ನೆದುರೇ ಹೇಳಿಕೊಳ್ಳುತ್ತಿದ್ದರೆ ನಾನು ಕಿಟಕಿ ನೋಡುತ್ತ ನಿಂತಿದ್ದೆ, ಅದನ್ನೂ ಬರೆದಿದ್ದೇನೆ.

ನನ್ನ ಬಿಲ್ಲೆಯನ್ನು ಈ ಪತ್ರದ ಜೊತೆಗೇ ಸೂಚನಾಫಲಕಕ್ಕೆ ಮೊಳೆ ಹೊಡೆದು ನೇತುಹಾಕಿದ್ದೇನೆ. ನಾಳೆ ನಾಲ್ಕಕ್ಕೆ ಮೊದಲೇ ಸಮಿತಿಗೆ ತಿನ್ನಿಸಿದವರು ಸಿಕ್ಕಂತಾಯಿತು, ಆದ್ದರಿಂದ ಅವರದೇ ನಿಯಮದ ಪ್ರಕಾರ ಶುಕ್ರವಾರ ಈಟಿ ನೀರಿಗಿಳಿಯುವಂತಿಲ್ಲ. ದ್ವೀಪದ ಸುತ್ತ ಎಲ್ಲಿ ಕಾಲಿಟ್ಟರೂ ಸಾಗರವನವೇ ಆದ್ದರಿಂದ, ಬಿಲ್ಲೆಯಿಲ್ಲದ ನಾನು ಇನ್ನು ಮೊಣಕಾಲಿಗಿಂತ ಆಳಕ್ಕೆ ಹೋಗಬೇಕೆಂದರೆ ಸ್ನಾನಕ್ಕೇ ಹೋಗಬೇಕು. ಬಿಲ್ಲೆ ಕಿತ್ತು ಕೊಡುವಾಗ ಫಿಟ್ಜ್‌ರಾಯ್, “ಒಂದು ಮೀನಿಗೋಸ್ಕರ ಇಷ್ಟೆಲ್ಲಾನಾ? ಅದಕ್ಕೆ ನಿಮ್ ಹೆಸ್ರೂ ಗೊತ್ತಿಲ್ವಲ್ರೀ!” ಎಂದ. ಗೊತ್ತಿಲ್ಲ ಮಾರಾಯ, ಅದಕ್ಕೇ ಎಂದೆ. ಅವನು ತಲೆ ಕೆರೆದುಕೊಂಡು ಸುತ್ತಿಗೆ ತಂದುಕೊಟ್ಟ.

ಇಂದು ಬೆಳಿಗ್ಗೆ, ಬಿಲ್ಲೆ ಇನ್ನೂ ನನ್ನ ಕೊರಳಲ್ಲಿದ್ದಾಗ, ಕೊನೆಯ ಸಲ ಇಳಿದು ಬಂದಿದ್ದೆ. ಏನೂ ತಂದಿರಲಿಲ್ಲ. ಬೇಕೆಂದೇ ಬಡಿದೆ. ತಾವು ಬಂದು ನನ್ನ ಮಡಚಿದ ತೋಳುಗಳ ಸುತ್ತ ಮೂಸಿದಿರಿ, ಏನೂ ಸಿಗದೆ ಹಿಂತಿರುಗಿದಿರಿ. ಮತ್ತೆ ಬಡಿದೆ, ಮತ್ತೆ ಬಂದಿರಿ, ಮತ್ತೆ ಏನೂ ಕೊಡಲಿಲ್ಲ. ಹೀಗೆ ಏಳು ಸಲ. ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಿತ್ತು. ಎಂಟನೆಯ ಸಲ ಬಡಿದಾಗ ತಾವು ಬಾಗಿಲಿಗೆ ತಲೆ ಹಾಕಲಿಲ್ಲ. ಕಾದೆ. ಬರಲಿಲ್ಲ. ಪಾಠ ಇಷ್ಟು ಬೇಗ ಹಿಡಿಸಿತಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೆಬ್ಬೆರಳು ಎತ್ತಿ ನನಗೆ ನಾನೇ ಸನ್ನೆ ಮಾಡಿಕೊಂಡು ಮೇಲಕ್ಕೆ ಬಂದೆ.

ಇನ್ನು ಒಂದು ವರ್ಷ ತಮ್ಮ ಬೀದಿಗೆ ಯಾರೂ ಬರುವುದಿಲ್ಲ. ಏನನ್ನಾದರೂ ತಾವೇ ಹಿಡಿದು ತಿನ್ನಿ. ಮಾಳಿಗೆಯಲ್ಲಿರುವ ಆ ಸಿಂಹಮೀನಿನ ಸಂಸಾರದಿಂದ ಶುರುಮಾಡಿದರೆ ನನ್ನ ಎಂಟು ವರ್ಷದ ಮೂರ್ಖತನಕ್ಕೂ ಒಂದು ಅರ್ಥ ಬಂದೀತು, ಆದರೆ ಒತ್ತಾಯವಿಲ್ಲ.

ಒಂಬತ್ತೂವರೆ ಬೆರಳುಗಳಿಂದ ಕೈಮುಗಿದು,
ತಮ್ಮ ವಿಶ್ವಾಸಿ,
ಜೆಲ್ಮಾ ಒಟ್ಲಿ
(ಮಾಜಿ ಮಾರ್ಗದರ್ಶಿ, ಬಿಲ್ಲೆ ಸಂಖ್ಯೆ 3)
ಬಂದರುಕಟ್ಟೆ, ಸೇಂಟ್ ಬೀಡ್, ಬುಧವಾರ

ಮರೆತ ಮಾತು: ಸಮಿತಿಯವರು ಕಳೆದ ವರ್ಷ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ ಕ್ಯಾಲೆಂಡರಿನ ಮೇ ತಿಂಗಳ ಹಾಳೆಯಲ್ಲಿ ತಮ್ಮ ಚಿತ್ರವಿದೆ. ಅದರಲ್ಲಿ ತಮಗೆ ಸಿಂಹಮೀನು ತಿನ್ನಿಸುತ್ತಿರುವ ಕೈ ನನ್ನದಲ್ಲ, ಆ ಚಿತ್ರ ತೆಗೆದದ್ದು ನಾನು. ಆ ಎಡಗೈಯ ಬೆರಳಿನಲ್ಲಿ ಲಂಗರು ಕೆತ್ತಿದ ಉಂಗುರ ಸ್ಪಷ್ಟವಾಗಿ ಕಾಣುತ್ತದೆ. ಅದು ಯಾರದೆಂದು ನಾನು ಹೇಳುವುದಿಲ್ಲ. ಆ ಉಂಗುರ ತೊಡಿಸಿದ ಮದುವೆಗೆ ಇಡೀ ದ್ವೀಪವೇ ಬಂದು ಆಡಿನ ಸಾರು ಉಂಡಿದೆ. ನಾಳೆ ಈ ಪತ್ರವನ್ನು ಸಭೆಯಲ್ಲಿ ಓದಿ ಹೇಳುವಾಗ ಅಧ್ಯಕ್ಷರು ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಂಡರೆ ಎಲ್ಲರಿಗೂ ಒಳ್ಳೆಯದು.